ಕರಬಾಕಿಯಿಂದ ಮತಪೆಟ್ಟಿಗೆಗೆ: ಮಲಪ್ರಭಾ ಪ್ರದೇಶದ ರೈತರ ಅಸಂತೋಷ

ಒಂದು ಸರಕಾರದ ವಿಷಯದಲ್ಲಿ ಜನಸಾಮಾನ್ಯರ ಅಸಂತೋಷವು ಬೆಳೆಯತೊಡಗಿದಾಗ ಅದು ಮೊಟ್ಟಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆಂಬ ಪ್ರಶ್ನೆಗೆ ರಾಜ್ಯಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಸಭೆ, ಮೆರವಣಿಗೆ, ವೃತ್ತಪತ್ರಿಕೆ, ಚುನಾವಣೆ ಇವುಗಳತ್ತ ಬೊಟ್ಟುಮಾಡುತ್ತವೆ. ಒಕ್ಕಲುತನವೇ ಮುಖ್ಯವಾಗಿರುವ ಸೀಮೆಗಳಲ್ಲಿ ಇವೆಲ್ಲವುಗಳಿಗಿಂತ ಮೊದಲಿನ ಸ್ಥಾನವೊಂದಿದೆ. ಅದು ಗ್ರಾಮ ಚಾವಡಿಯಲ್ಲಿ ತಲಾಟಿಯು ಬರೆದಿಡುವ ಬಾಕಿಯ ಪಟ್ಟಿ. ಆ ಪಟ್ಟಿಯಲ್ಲಿ ಎರಡು ಬಗೆಯ ಹೆಸರುಗಳಿರುತ್ತವೆ: ಕೊಡಲಾರದವರವು, ಕೊಡಲೊಲ್ಲದವರವು. ಅಂಕಣದಲ್ಲಿ ಮಾತ್ರ ಎರಡೂ ಒಂದೇ ರೀತಿಯಾಗಿ ಕಾಣಿಸುತ್ತವೆ. ಕೊಡಲಾರದವನು ಕೊಡಲೊಲ್ಲದವನಾಗುವ ಗಳಿಗೆ ಯಾವುದೆಂಬುದನ್ನು ಅಂಕಿಗಳು ಹೇಳುವುದಿಲ್ಲ. ಆದರೆ ಸರಕಾರಗಳ ಅಳಿವು ಉಳಿವು ಅನೇಕ ಸಲ ಆ ಗಳಿಗೆಯನ್ನು ಅವಲಂಬಿಸಿರುತ್ತದೆ. ಕರ್ನಾಟಕದಲ್ಲಿ 1980ರ ಬೇಸಗೆಯಿಂದ 1983ರ ಜನವರಿಯವರೆಗೆ ನಡೆದ ಸಂಗತಿಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ.

ನವಲಗುಂದ, ನರಗುಂದ, ರೋಣ, ಸವದತ್ತಿ ಈ ತಾಲೂಕುಗಳ ಬಹುಭಾಗವು ಬೆಳವಲದ ಎರೆಯ ನಾಡು. ಅಲ್ಲಿಯ ಒಕ್ಕಲಿಗನು ತಲೆತಲಾಂತರದಿಂದ ಹಿಂಗಾರಿಯನ್ನು ನಂಬಿದವನು. ಬಿಳಿಜೋಳ, ಗೋದಿ, ಕಡಲೆ, ಕುಸುಬೆ, ಹತ್ತಿ, ಇವು ಅವನ ಪೈರುಗಳು. ಎರೆ ಭೂಮಿಯು ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದ ಸುಗ್ಗಿಯವರೆಗೆ ಆಕಾಶದ ಹಂಗು ಅಷ್ಟಾಗಿ ಇರುತ್ತಿರಲಿಲ್ಲ. ಮಳೆ ತಪ್ಪಿದ ವರ್ಷ ಬರಗಾಲ, ಮಳೆ ಬಂದ ವರ್ಷ ಹಗೇವು ತುಂಬುವಷ್ಟು ಜೋಳ. ಖರ್ಚು ಕಡಿಮೆ, ಹುಟ್ಟುವಳಿಯೂ ಕಡಿಮೆ. ಈ ಸೀಮೆಯು 1956ರವರೆಗೆ ಮುಂಬಯಿ ಪ್ರಾಂತ, ಅನಂತರ ಮುಂಬಯಿ ರಾಜ್ಯದೊಳಗಿದ್ದುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ತಲಾಟಿ, ಉತಾರ, ಜಪ್ತಿ ಎಂಬ ಅಲ್ಲಿಯ ಕಂದಾಯದ ಮಾತುಗಳು ಹಾಗೆ ಬಂದವು. ಸಹಕಾರದ ಪರಂಪರೆಯೂ ಹಳೆಯದೇ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿ ಇದೇ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸ್ಥಾಪಿತವಾಯಿತು. ಎಂದರೆ ಸಾಲ, ಬಡ್ಡಿ, ಕಂತು, ಬಾಕಿ ಎಂಬ ಶಬ್ದಗಳು ಅಲ್ಲಿಯ ಜನಕ್ಕೆ ಹೊಸವಾಗಿರಲಿಲ್ಲ. ಲೆಕ್ಕವನ್ನರಿಯದ ಜನರು ದಂಗೆಯೆದ್ದರೆಂದು ಮುಂದೆ ಕೆಲವರು ಬರೆದುದು ಈ ಇತಿಹಾಸವನ್ನು ಮರೆತುದರ ಫಲ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುವ ಕೆಲಸವು 1960ರ ದಶಕದಲ್ಲಿ ನಡೆದು, 1970ರ ದಶಕದ ಆರಂಭದಲ್ಲಿ ಮುಗಿಯಿತು. ರೇಣುಕಾಸಾಗರವೆಂದು ಹೆಸರಾದ ಈ ಜಲಾಶಯದ ಸಾಮರ್ಥ್ಯ 37.73 ಟಿ.ಎಂ.ಸಿ. ಕಾಲುವೆಗಳಲ್ಲಿ ನೀರು ಹರಿಯತೊಡಗಿದಂತೆ ಎರೆ ಹೊಲಗಳಿಗೆ ಹೊಸ ಬೆಳೆಯೂ ಬಂದಿತು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಎಂಬ ಸಂಕರಣ ಹತ್ತಿಯು ಉದ್ದನೆಯ ಎಳೆಯದು, ಗಿರಣಿಗಳವರು ಬಯಸುವಂತಹದು. ಅದು ಕೈತುಂಬ ಹಣ ತಂದ ವರ್ಷಗಳಿದ್ದವು. ಆದರೆ ಅದು ಬಡವರ ಮನೆಯ ಬೆಳೆಯಲ್ಲ. ವರ್ಷವರ್ಷವೂ ಬೀಜವನ್ನು ಕೊಳ್ಳಬೇಕು. ಗೊಬ್ಬರ, ಕೀಟನಾಶಕ, ಬಿಡಿಸುವ ಕೂಲಿ ಎಲ್ಲವೂ ನಗದು ಹಣದ ವ್ಯವಹಾರ. ಜೋಳ ಬೆಳೆದವನು ಬೆಲೆ ಬೀಳುವ ವರ್ಷದಲ್ಲಿ ಅದನ್ನು ತಿನ್ನಬಹುದು; ಹತ್ತಿಯನ್ನು ತಿನ್ನಲಾಗದು.

ನೀರಾವರಿಯ ಹೊಲವನ್ನು ಸಮತಟ್ಟು ಮಾಡಬೇಕು, ಹೊಲಗಾಲುವೆ ತೆಗೆಸಬೇಕು. ಇದಕ್ಕೆಲ್ಲ ಸಾಲ ದೊರೆಯುತ್ತಿತ್ತು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಕೃಷಿಯ ಸಾಲವು ಒಂದು ಧ್ಯೇಯವಾಯಿತು. 1976ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಗ್ರಾಮೀಣ ಬ್ಯಾಂಕು ಮಲಪ್ರಭೆಯ ಹೆಸರನ್ನೇ ಹೊತ್ತಿತು. ಭೂ ಅಭಿವೃದ್ಧಿ ಬ್ಯಾಂಕು, ಹಳ್ಳಿಯ ಸೊಸೈಟಿ, ವಾಣಿಜ್ಯ ಬ್ಯಾಂಕಿನ ಶಾಖೆ, ಇವೆಲ್ಲವೂ ಮುಂಬರುವ ಹುಟ್ಟುವಳಿಯ ಭರವಸೆಯ ಮೇಲೆ ಹಣ ಕೊಟ್ಟವು. ಒಂದೇ ಹೊಲದ ಒಂದೇ ಫಸಲಿನ ಮೇಲೆ ಎಷ್ಟು ಜನರ ಕಣ್ಣಿದೆಯೆಂಬುದನ್ನು ಕೂಡಿಸಿ ನೋಡುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ಇಂತಹ ಹೊಲದ ಮೇಲೆ ಸರಕಾರದ ಬೇಡಿಕೆಯಾಗಿ ಬಂದುದು ಬೆಟರ್‌ಮೆಂಟ್ ಲೆವಿ, ಕನ್ನಡದಲ್ಲಿ ಅಭಿವೃದ್ಧಿ ಕರ. ಇದರ ತತ್ತ್ವವನ್ನು ಸರಿಯಾಗಿ ತಿಳಿದುಕೊಳ್ಳದೆ ಮುಂದಿನದು ಅರ್ಥವಾಗಲಾರದು. ಅಣೆಕಟ್ಟನ್ನು ಇಡೀ ರಾಜ್ಯದ ಜನರ ತೆರಿಗೆಯಿಂದ ಕಟ್ಟಲಾಗುತ್ತದೆ. ಅದರಿಂದ ಕಾಲುವೆಯ ಕೆಳಗಿನ ಭೂಮಿಯ ಬೆಲೆ ಏರುತ್ತದೆ. ಆ ಏರಿಕೆಗಾಗಿ ಭೂಮಿಯೊಡೆಯನು ಬೆವರು ಸುರಿಸಿಲ್ಲ. ಆದುದರಿಂದ ಅದರಲ್ಲಿ ಒಂದು ಪಾಲನ್ನು ಸಮಾಜಕ್ಕೆ ಹಿಂದಿರುಗಿಸುವುದು ನ್ಯಾಯ. ಈ ವಾದದಲ್ಲಿ ದೋಷವಿಲ್ಲ. ಚಿತ್ರದುರ್ಗದ ಒಣಭೂಮಿಯ ರೈತನು ತನಗೆಂದೂ ಕಾಣದ ಕಾಲುವೆಗಾಗಿ ಏಕೆ ತೆರಿಗೆ ಕೊಡಬೇಕೆಂದು ಕೇಳಿದರೆ ಇದರ ಹೊರತು ಬೇರೆ ಉತ್ತರವಿಲ್ಲ. ಮೈಸೂರು ರಾಜ್ಯವು 1957ರಲ್ಲಿಯೇ ಈ ಕರಕ್ಕೂ ನೀರಿನ ದರಕ್ಕೂ ಸಂಬಂಧಿಸಿದ ಕಾನೂನನ್ನು ಮಾಡಿತ್ತು. ದೇಶದ ಬೇರೆ ರಾಜ್ಯಗಳಲ್ಲಿಯೂ ಇಂತಹ ಕಾನೂನುಗಳು ಅದೇ ಕಾಲಕ್ಕೆ ಬಂದವು.

ತೊಡಕು ಇರುವುದು ತತ್ತ್ವದಲ್ಲಲ್ಲ, ಲೆಕ್ಕದಲ್ಲಿ. ಒಂದು ಎಕರೆಯ ಬೆಲೆ ಕಾಲುವೆಯಿಂದಾಗಿ ಸಾವಿರ ರೂಪಾಯಿ ಹೆಚ್ಚಿತೆಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಅದರಲ್ಲಿ ಅರ್ಧ ಸರಕಾರದ ಪಾಲೆಂದರೆ ಐದುನೂರು. ಹತ್ತು ಎಕರೆಯವನಿಗೆ ಐದು ಸಾವಿರ. ಆದರೆ ಈ ಲಾಭವು ಹೊಲವನ್ನು ಮಾರಿದವನಿಗೆ ಮಾತ್ರ ಕೈಗೆ ಬರುವ ಲಾಭ. ಮಾರದೆ ಉಳುವವನ ಪಾಲಿಗೆ ಅದು ಕಾಗದದ ಮೇಲಿನದು. ಆಸ್ತಿಯ ಬೆಲೆಯ ಮೇಲೆ ಹಾಕಿದ ಕರವನ್ನು ಅವನು ವರ್ಷದ ಆದಾಯದಿಂದ ತೆರಬೇಕಾಗುತ್ತದೆ. ಆದಾಯವೋ ಹತ್ತಿಯ ಪೇಟೆಯ ಧಾರಣೆಗೆ ಕಟ್ಟುಬಿದ್ದಿದೆ. ಕಂತುಗಳಲ್ಲಿ ಕೊಡಬಹುದೆಂಬ ಸೌಕರ್ಯದಿಂದ ಭಾರ ಹಗುರವಾಗುವುದು ನಿಜ; ಆದರೆ ಧಾರಣೆ ಬಿದ್ದ ವರ್ಷದಲ್ಲಿ ಕಂತು ತಾನೂ ಬಿದ್ದು ಚಿಕ್ಕದಾಗುವುದಿಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ಕರವು ನಕಾಶೆಯ ಮೇಲೆ ನೀರಾವರಿಗೆ ಒಳಪಟ್ಟ ಎಕರೆಯನ್ನು ಲೆಕ್ಕಿಸುತ್ತದೆ. ಹೊಲಕ್ಕೆ ನೀರು ಬಂದಿತೋ ಇಲ್ಲವೋ ಎಂಬುದು ಬೇರೆ ಮಾತು. ಯಾವ ದೊಡ್ಡ ಕಾಲುವೆಯಲ್ಲಿಯೂ ಮೇಲ್ಭಾಗದವರಿಗೆ ನೀರು ಹೆಚ್ಚು, ಕೊನೆಯವರಿಗೆ ಕಡಿಮೆ. ಹೊಲಗಾಲುವೆ ಪೂರ್ಣವಾಗದ ಕಡೆ ಸರಕಾರದ ದಫ್ತರದಲ್ಲಿ ಹೊಲವು ನೀರಾವರಿಯದು, ಕಣ್ಣಿಗೆ ಒಣಬೇಸಾಯದ್ದು. ಇದಕ್ಕೆ ವಿರುದ್ಧವಾಗಿ, ನೀರು ಹೆಚ್ಚಾಗಿ ನಿಂತ ಎರೆ ಹೊಲಗಳಲ್ಲಿ ಜೌಗು ಹಿಡಿದು ಸವುಳು ಮೇಲೆದ್ದು ಭೂಮಿ ಕೆಟ್ಟಿತು. ಬಸಿಗಾಲುವೆಗಳಿಲ್ಲದೆ ಎರೆ ಭೂಮಿಗೆ ನೀರು ಬಿಟ್ಟರೆ ಹೀಗಾಗುವುದು ಭೂವಿಜ್ಞಾನಿಗಳು ಚೆನ್ನಾಗಿ ಬಲ್ಲ ಸಂಗತಿ. ಹೀಗೆ ನೀರು ಬಾರದವನೂ ನೀರಿನಿಂದ ಕೆಟ್ಟವನೂ ನೀರಿನಿಂದ ಸುಧಾರಿಸಿದವನೂ ಒಂದೇ ಬಗೆಯ ನೋಟೀಸನ್ನು ಪಡೆದರು. ಮೂರನೆಯವನು ನ್ಯಾಯವಾಗಿ ಕೊಡಬೇಕಾದವನೇ. ಆದರೆ ಮೊದಲಿನ ಇಬ್ಬರಿಗೂ ಅನ್ಯಾಯವಾಗಿರುವಾಗ ಅವನೂ ಅವರ ನಡುವೆ ನಿಂತು ಮಾತನಾಡುವ ಹಕ್ಕನ್ನು ಪಡೆದನು. ಸಮನಲ್ಲದವರ ಮೇಲೆ ಸಮನಾದ ಕರವನ್ನು ಹೇರಿ, ಬೇರೆ ಬೇರೆ ಹಿತಗಳುಳ್ಳ ಜನರನ್ನು ಸರಕಾರವು ತಾನಾಗಿಯೇ ಒಂದುಗೂಡಿಸಿತೆಂದರೆ ತಪ್ಪಾಗಲಾರದು.

ಇಂತಹುದು ಭಾರತದಲ್ಲಿ ಮೊದಲ ಸಲ ನಡೆದುದೇನಲ್ಲ. 1930ರ ದಶಕದಲ್ಲಿ ಬಂಗಾಳದ ಬರ್ದವಾನ ಜಿಲ್ಲೆಯ ದಾಮೋದರ ಕಾಲುವೆಯ ರೈತರು 1935ರ ಅಭಿವೃದ್ಧಿ ಕಾನೂನಿನ ಮೇರೆಗೆ ಬಂದ ಕರವನ್ನು ವಿರೋಧಿಸಿ ದೀರ್ಘಕಾಲ ಹೋರಾಡಿದ್ದರು. 1959ರಲ್ಲಿ ಪಂಜಾಬದಲ್ಲಿ ಭಾಕ್ರಾ ಕಾಲುವೆಗಳ ಅಭಿವೃದ್ಧಿ ಕರದ ವಿರುದ್ಧ ಕಿಸಾನ್ ಸಭೆಯು ನಡೆಸಿದ ಸತ್ಯಾಗ್ರಹದಲ್ಲಿ ಸಾವಿರಾರು ಜನರು ಸೆರೆಮನೆ ಸೇರಿದರು. ಇನ್ನೂ ಹತ್ತಿರದ ನೆನಪುಗಳೂ ಇದ್ದವು. 1928ರ ಬಾರ್ಡೋಲಿಯಲ್ಲಿ ಮುಂಬಯಿ ಸರಕಾರವು ಶೇಕಡಾ 22ರಷ್ಟು ಏರಿಸಿದ್ದ ಕಂದಾಯವನ್ನು ವಿಚಾರಣಾ ಸಮಿತಿಯು ಸುಮಾರು 6ಕ್ಕೆ ಇಳಿಸಬೇಕಾಗಿ ಬಂದಿತು. 1932ರಲ್ಲಿ ಅದೇ ಮುಂಬಯಿ ಪ್ರಾಂತದ ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳಲ್ಲಿ ಕರನಿರಾಕರಣೆ ನಡೆದು ರೈತರ ಹೊಲಮನೆಗಳು ಜಪ್ತಿಯಾಗಿದ್ದವು. ಜಪ್ತಿಯ ನೋಟೀಸೆಂಬುದು ಈ ಸೀಮೆಯಲ್ಲಿ ಬರಿಯ ಹಣದ ಕಾಗದವಲ್ಲ, ಅದಕ್ಕೊಂದು ಚರಿತ್ರೆಯಿದೆ. ಇದನ್ನೆಲ್ಲ ಬಿಟ್ಟು, ನರಗುಂದವು 1858ರಲ್ಲಿ ಬಾಬಾಸಾಹೇಬನ ಬಂಡಾಯವನ್ನು ಕಂಡ ಊರಾದುದರಿಂದ ಬಂಡಾಯವು ಅಲ್ಲಿಯ ಮಣ್ಣಿನಲ್ಲಿಯೇ ಇದೆಯೆಂದು ಹೇಳುವ ರೂಢಿಯೊಂದುಂಟು. ಭಾಷಣಕ್ಕೆ ಅದು ಚೆನ್ನ. ಆದರೆ ನವಲಗುಂದಕ್ಕೂ ಸವದತ್ತಿಗೂ ಬಾಬಾಸಾಹೇಬನಿರಲಿಲ್ಲ. ಕಾಲುವೆ ಮಾತ್ರ ಇತ್ತು.

ಇನ್ನು ಅಂದಿನ ಸರಕಾರದ ವಿಷಯ. 1978ರ ಚುನಾವಣೆಯಲ್ಲಿ ಶ್ರೀ ದೇವರಾಜ ಅರಸರ ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ಸು 224ರಲ್ಲಿ 149 ಸ್ಥಾನಗಳನ್ನು ಗೆದ್ದಿತ್ತು. 1979ರಲ್ಲಿ ಅರಸರು ಶ್ರೀಮತಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು ಕರ್ನಾಟಕದ 28 ಸ್ಥಾನಗಳಲ್ಲಿ 27ನ್ನು ಗೆದ್ದುಕೊಂಡಿತು. ಕೂಡಲೇ ಅರಸರ ಬಳಿಯಿದ್ದ ಶಾಸಕರು ಗುಂಪುಗುಂಪಾಗಿ ಅತ್ತ ಸರಿದರು; ಅರಸರು ರಾಜೀನಾಮೆ ಕೊಟ್ಟರು; ಶ್ರೀ ಆರ್. ಗುಂಡೂರಾಯರು ಮುಖ್ಯಮಂತ್ರಿಗಳಾದರು. ವಿಧಾನಸಭೆಗೆ ಹೊಸ ಚುನಾವಣೆ ನಡೆಯಲಿಲ್ಲ. ಸಂವಿಧಾನದ ದೃಷ್ಟಿಯಿಂದ ಇದರಲ್ಲಿ ಕೊರತೆಯೇನೂ ಇರಲಿಲ್ಲ, ಸಂಖ್ಯಾಬಲಕ್ಕಂತೂ ಕೊರತೆಯೇ ಇಲ್ಲ. ಆದರೆ ಒಬ್ಬ ನಾಯಕನ ಹೆಸರಿನಲ್ಲಿ ಆಯ್ಕೆಯಾದ ಶಾಸಕನು ಒಂದೇ ವಾರದಲ್ಲಿ ಇನ್ನೊಬ್ಬನ ಬೆಂಬಲಿಗನಾದಾಗ, ಅವನು ಬೆಂಗಳೂರಿನತ್ತ ಮುಖ ಮಾಡುತ್ತಾನೆಯೇ ಹೊರತು ಕ್ಷೇತ್ರದತ್ತ ಅಲ್ಲ. ರೈತನ ಅಹವಾಲು ಸರಕಾರದ ಕಿವಿಗೆ ತಲುಪುವ ಮೊದಲ ದಾರಿ ಹೀಗೆ ಮುಚ್ಚಿತು.

ಎರಡನೆಯ ದಾರಿಯೂ ತೆರೆದಿರಲಿಲ್ಲ. 1959ರ ಪಂಚಾಯತ ಕಾನೂನಿನ ಮೇರೆಗೆ ಜಿಲ್ಲೆಯ ಮಟ್ಟದಲ್ಲಿದ್ದುದು ಜನರಿಂದ ಆಯ್ಕೆಯಾದ ಸಂಸ್ಥೆಯಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು. ಕರವನ್ನು ವಸೂಲು ಮಾಡುವವರೂ ಕರದ ವಿರುದ್ಧ ದೂರನ್ನು ಕೇಳಬೇಕಾದವರೂ ಒಂದೇ ಇಲಾಖೆಯವರಾಗಿದ್ದರು. ತಲಾಟಿಯಿಂದ ತಹಶೀಲದಾರರಿಗೆ, ಅವರಿಂದ ಜಿಲ್ಲಾಧಿಕಾರಿಗಳಿಗೆ ಹೋಗುವ ವರದಿಯಲ್ಲಿ ವಸೂಲಾದ ಮೊತ್ತಕ್ಕೂ ಬಾಕಿಗೂ ಅಂಕಣಗಳಿರುತ್ತವೆ. ಬಾಕಿ ಏಕೆ ಉಳಿಯಿತೆಂಬುದಕ್ಕೆ ಇರುವ ಅಂಕಣವು ಕಿರಿದು. ಸಾಲ ಕೊಡುವ ಸಂಸ್ಥೆಗಳ ವರದಿಗಳೂ ಈ ಮಾತಿನಲ್ಲಿ ಹೆಚ್ಚು ಭಿನ್ನವಾಗಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಬುದ್ಧಿಪೂರ್ವಕವಾದ ಸುಸ್ತಿದಾರನೆಂಬ ಒಂದೇ ಮಾತಿನಲ್ಲಿ ಬಹಳಷ್ಟು ರಾಜಕಾರಣವು ಹೂತುಹೋಗುತ್ತದೆ.

1979–80ರ ಹಂಗಾಮಿನಲ್ಲಿ ಸಂಕರಣ ಹತ್ತಿಯ ಧಾರಣೆ ಕುಸಿಯಿತು. ಗೊಬ್ಬರ, ಔಷಧಗಳ ಬೆಲೆ ಕುಸಿಯಲಿಲ್ಲ. ಅದೇ ಹೊತ್ತಿಗೆ ಅಭಿವೃದ್ಧಿ ಕರ, ನೀರಿನ ದರ, ಸಾಲದ ಕಂತು, ಇವುಗಳ ಬಾಕಿಯ ವಸೂಲಿಗೆ ಒತ್ತಡ ಬಿದ್ದಿತು. ರೈತರು ಮೊದಲು ಮಾಡಿದುದು ಮನವಿ. ಅನಂತರ ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿಯೊಂದು ರೂಪುಗೊಂಡು, ಊರೂರುಗಳಲ್ಲಿ ಸಭೆಗಳು ನಡೆದು, ಕರವನ್ನು ಕೊಡಕೂಡದೆಂಬ ನಿಶ್ಚಯವಾಯಿತು. ಕೊಡಲಾರದವರು ಕೊಡಲೊಲ್ಲದವರಾದ ಗಳಿಗೆ ಇದೇ. ಇಲ್ಲಿಯ ಸೂಕ್ಷ್ಮವನ್ನು ಗಮನಿಸಬೇಕು. ಬಾಕಿಯು ಒಂಟಿಯಾಗಿ ಉಳಿಸಿಕೊಂಡವನಿಗೆ ಅವಮಾನ. ಉತಾರದ ಮೇಲೆ ಬೋಜಾ, ಮನೆಯ ಮುಂದೆ ಜಪ್ತಿಯವರು, ಬೀಗರ ಎದುರು ತಲೆತಗ್ಗಿಸುವುದು. ಊರೆಲ್ಲ ಕೂಡಿ ಉಳಿಸಿಕೊಂಡಾಗ ಅದೇ ಬಾಕಿಯು ಮರ್ಯಾದೆಯ ಮಾತಾಗುತ್ತದೆ. ಸಮಿತಿಯು ಮಾಡಿದ ದೊಡ್ಡ ಕೆಲಸವೆಂದರೆ ನಾಚಿಕೆಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದುದು.

1980ರ ಜುಲೈ 21ರಂದು ಬಂದ್ ಆಚರಿಸಲು ಕರೆಕೊಟ್ಟಿದ್ದರು. ನವಲಗುಂದ, ನರಗುಂದಗಳಲ್ಲಿ ಸಾವಿರಾರು ರೈತರು ಕಚೇರಿಗಳ ಮುಂದೆ ನೆರೆದರು. ಎರಡು ಊರುಗಳಲ್ಲಿಯೂ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಈ ಎರಡನೆಯ ಮಾತನ್ನು ಹೇಳದೆ ಬಿಡುವ ವಾಡಿಕೆ ರೈತ ಚಳವಳಿಯ ಅಭಿಮಾನಿಗಳಲ್ಲಿದೆ. ಮೊದಲನೆಯದನ್ನು ಎರಡನೆಯದರ ಫಲವೆಂಬಂತೆ ಚಿತ್ರಿಸುವ ವಾಡಿಕೆ ಆಡಳಿತದ ಪರವಾದವರಲ್ಲಿದೆ. ಸತ್ತ ಪೊಲೀಸರೂ ಇಂತಹವೇ ಹಳ್ಳಿಗಳಿಂದ ಬಂದ ನೌಕರರು. ಕರದ ದರವನ್ನು ಅವರು ಗೊತ್ತುಮಾಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ಸರಕಾರವು ಕರ, ನೀರಿನ ದರ, ಸಾಲಗಳ ವಿಷಯದಲ್ಲಿ ರಿಯಾಯಿತಿಗಳನ್ನು ಸಾರಿತು. ಮೇ ತಿಂಗಳಲ್ಲಿ ಕೊಟ್ಟಿದ್ದರೆ ಕೃಪೆಯೆನಿಸಿಕೊಳ್ಳಬಹುದಾಗಿದ್ದುದು ಆಗಸ್ಟಿನಲ್ಲಿ ಸೋಲೆನಿಸಿಕೊಂಡಿತು. ಬಾರ್ಡೋಲಿಯಿಂದ ಕಲಿಯಬಹುದಾಗಿದ್ದ ಪಾಠವೂ ಇದೇ ಆಗಿತ್ತು: ವಿಚಾರಣೆ ಮೊದಲು, ವಸೂಲಿ ಆಮೇಲೆ. ಕಾಲುವೆಯ ಕೊನೆಯ ಹಳ್ಳಿಗಳನ್ನು ಬೇರೆಯಾಗಿ ಎಣಿಸಿ, ಸವುಳು ಹಿಡಿದ ಸರ್ವೆ ನಂಬರುಗಳನ್ನು ಪಟ್ಟಿಯಿಂದ ತೆಗೆದು, ಹತ್ತಿಯ ಧಾರಣೆ ಬಿದ್ದ ವರ್ಷದ ಕಂತನ್ನು ಮುಂದೂಡಿದ್ದರೆ, ನ್ಯಾಯವಾಗಿ ಕೊಡಬೇಕಾದ ಮೂರನೆಯ ವರ್ಗದವನು ಒಂಟಿಯಾಗಿ ಉಳಿಯುತ್ತಿದ್ದನು. ಕರದ ತತ್ತ್ವವೂ ಉಳಿಯುತ್ತಿತ್ತು. ಆದುದು ಇದಕ್ಕೆ ವಿರುದ್ಧ. ಅಂದಿನಿಂದ ನೀರಾವರಿಯ ಫಲ ಪಡೆದವರಿಂದ ಅದರ ವೆಚ್ಚದ ಪಾಲನ್ನು ಕೇಳುವ ಧೈರ್ಯವೇ ಕರ್ನಾಟಕದ ಸರಕಾರಗಳಿಗೆ ಕಡಿಮೆಯಾಯಿತು. ಅದರ ನಷ್ಟವನ್ನು ಒಣಭೂಮಿಯವರು ಹೊತ್ತಿದ್ದಾರೆ.

ಬೆಳವಲದಲ್ಲಿ ಹೊತ್ತಿದ ಕಿಡಿಯು ತುಂಗಭದ್ರೆಯ ಸೀಮೆಯನ್ನು ಮುಟ್ಟಿದುದು ಹೇಗೆಂಬುದಕ್ಕೆ ಕಾರಣವಿದೆ. ಶಿವಮೊಗ್ಗೆಯ ಕಬ್ಬು ಬೆಳೆಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು. ಅವರದು ಬೇರೆ ಬೆಳೆ, ಬೇರೆ ಮಣ್ಣು. ಆದರೆ ಬೆಲೆ ತಮ್ಮ ಕೈಯಲ್ಲಿಲ್ಲ, ಕರ ತಮ್ಮ ಮಾತು ಕೇಳಿ ಬಂದುದಲ್ಲ ಎಂಬ ಅನುಭವ ಒಂದೇ. 1980ರಲ್ಲಿಯೇ ಶ್ರೀ ಎಚ್. ಎಸ್. ರುದ್ರಪ್ಪನವರ ಅಧ್ಯಕ್ಷತೆಯಲ್ಲಿ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿ ಮೊದಲಾದವರ ಪ್ರಯತ್ನದಿಂದ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕವನ್ನು ಹಳ್ಳಿಗಳ ಮುಂದೆ ನೆಟ್ಟುದು, ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿ ಮನೆಗೆ ತಂದುದು, ರೈತನು ಸಾಲಗಾರನಲ್ಲ, ಸರಕಾರವೇ ಬಾಕಿದಾರನೆಂಬ ವಾದ, ಇವೆಲ್ಲ ಈ ಸಂಘದ ಕೊಡುಗೆ. ಕೊನೆಯ ವಾದವನ್ನು ಯಾವ ಬ್ಯಾಂಕಿನ ಲೆಕ್ಕಪತ್ರವೂ ಒಪ್ಪಲಾರದು. ಆದರೆ ಬೆಳೆದುದರ ಬೆಲೆಯನ್ನು ಸರಕಾರದ ಧೋರಣೆಯೇ ತಗ್ಗಿಸಿ ಇಡುತ್ತಿದ್ದರೆ, ತಗ್ಗಿಸಿದ ಅಂಶವನ್ನು ಯಾರ ಖಾತೆಗೆ ಬರೆಯಬೇಕೆಂಬ ಪ್ರಶ್ನೆಯು ಅರ್ಥಶಾಸ್ತ್ರಜ್ಞರಿಂದ ಉತ್ತರವನ್ನು ಬೇಡುವಂತಹದೇ.

ಈ ಚಳವಳಿಯಲ್ಲಿ ಮಾತನಾಡಿದ ರೈತನು ಯಾರೆಂಬುದನ್ನೂ ಕೇಳಬೇಕು. ಅವನು ಭೂಮಿಯುಳ್ಳವನು, ಹೆಚ್ಚಾಗಿ ನಡುತರದವನು, ಕೆಲವೆಡೆ ದೊಡ್ಡ ಹಿಡುವಳಿಯವನು. ಹತ್ತಿಯನ್ನು ಬಿಡಿಸುವ ಹೆಣ್ಣಾಳಿನ ಕೂಲಿಯ ಪ್ರಶ್ನೆಯು ಬೇಡಿಕೆಗಳ ಸಾಲಿನಲ್ಲಿ ಮುಂದೆ ಬರಲಿಲ್ಲ. 1974ರ ಭೂಸುಧಾರಣೆಯಿಂದ ಒಡೆತನ ಪಡೆದ ಹಳೆಯ ಗೇಣಿದಾರನೂ, ಭೂಮಿ ಕಳೆದುಕೊಂಡು ಸರಕಾರದ ಮೇಲೆ ಮುನಿದ ಹಳೆಯ ಒಡೆಯನೂ ಒಂದೇ ಹಸಿರು ಶಾಲಿನ ಕೆಳಗೆ ನಿಂತುದು ಆಶ್ಚರ್ಯದ ಸಂಗತಿ. ಅಸಂತೋಷವು ಜನರನ್ನು ಒಟ್ಟುಗೂಡಿಸುವಾಗ ಅವರ ನಡುವಣ ಲೆಕ್ಕಗಳನ್ನು ಚುಕ್ತಾ ಮಾಡುವುದಿಲ್ಲ, ಬದಿಗಿಡುತ್ತದೆ ಅಷ್ಟೆ.

1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸರಕಾರೀ ಉದ್ಯಮಗಳ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಮುಷ್ಕರ ಹೂಡಿದರು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ರಾಜಧಾನಿಗೆ ಕಾಲ್ನಡಿಗೆಯ ಜಾಥಾ ತೆಗೆದವು. 1982ರಲ್ಲಿ ಗೋಕಾಕ ವರದಿಯ ಜಾರಿಗಾಗಿ ನಡೆದ ಚಳವಳಿಗೆ ಶ್ರೀ ರಾಜಕುಮಾರರು ಬಂದುದರಿಂದ ಅದು ಊರೂರನ್ನೂ ತಲುಪಿತು. ಇವುಗಳ ಕಾರಣಗಳು ಬೇರೆ ಬೇರೆ. ಕಾರ್ಮಿಕರ ಮುಷ್ಕರವಂತೂ ಕೇಂದ್ರ ಸರಕಾರದ ಉದ್ಯಮಗಳಿಗೆ ಸಂಬಂಧಿಸಿದ್ದು. ಆದರೆ ಎಲ್ಲ ಕಡೆಯಲ್ಲಿಯೂ ಜನರು ಪಡೆದುಕೊಂಡ ಅನುಭವ ಒಂದೇ ಬಗೆಯದಾಗಿತ್ತು: ಮೊದಲು ನಿರ್ಲಕ್ಷ್ಯ, ಆಮೇಲೆ ಬಲಪ್ರಯೋಗ, ಕೊನೆಗೆ ರಿಯಾಯಿತಿ. 1983ರ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟಕ್ಕೆ 95 ಸ್ಥಾನಗಳು ಬಂದವು. ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18. ಮುಖ್ಯಮಂತ್ರಿಗಳು ಸೋಮವಾರಪೇಟೆಯ ತಮ್ಮ ಕ್ಷೇತ್ರದಲ್ಲಿಯೇ ಸೋತರು. ಜನವರಿ 10ರಂದು ಶ್ರೀ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ನರಗುಂದವೊಂದೇ ಸರಕಾರವನ್ನು ಉರುಳಿಸಿತೆಂಬುದು ಅತಿಶಯೋಕ್ತಿ. ಆದರೆ ಮೂರು ವರ್ಷಗಳ ಹಿಂದೆ 28ರಲ್ಲಿ 27ನ್ನು ಗೆದ್ದ ಪಕ್ಷವನ್ನು ಸೋಲಿಸಬಹುದೆಂಬ ನಂಬಿಕೆ ಮೊದಲು ಮೂಡಿದುದು ಆ ಎರೆಯ ಹೊಲಗಳಲ್ಲಿ.

ಹೊಸ ಸರಕಾರಕ್ಕೂ ರೈತ ಸಂಘವು ನೆಮ್ಮದಿಯನ್ನೇನೂ ಕೊಡಲಿಲ್ಲ; ಹೆಗಡೆಯವರ ಕಾಲದಲ್ಲಿಯೂ ಬಾಕಿಗಳು ಬೆಳೆದವು, ಮರುಜಪ್ತಿಗಳು ನಡೆದವು. ಅಸಂತೋಷವು ಪಕ್ಷದ ಮೇಲಿನದಾಗಿರದೆ ಆಡಳಿತದ ರೀತಿಯ ಮೇಲಿನದಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬದಲಾದುದು ಇನ್ನೊಂದಿದೆ. ಶ್ರೀ ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾನೂನು ಬಂದು, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಜಿಲ್ಲೆಯ ಮಟ್ಟದಲ್ಲಿ ಅಧಿಕಾರಿಯ ಮೇಲೆ ಆಯ್ಕೆಯಾದ ಅಧ್ಯಕ್ಷನೊಬ್ಬನು ಕುಳಿತನು. 1980ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಂತಹನೊಬ್ಬನಿದ್ದಿದ್ದರೆ ಸಮನ್ವಯ ಸಮಿತಿಯ ಮನವಿಯು ಯಾರ ಮೇಜಿನ ಮೇಲೆ ಬೀಳುತ್ತಿತ್ತೆಂಬುದು ಊಹೆಯ ವಿಷಯ. ಆದರೆ ನಿಷ್ಪ್ರಯೋಜಕವಾದ ಊಹೆಯಲ್ಲ. ಸಾಲದ ಕಡೆಯಲ್ಲಿ, 1990ರ ಕೇಂದ್ರ ಸರಕಾರದ ಯೋಜನೆಯು ಹತ್ತು ಸಾವಿರ ರೂಪಾಯಿಯವರೆಗಿನ ಕೃಷಿ ಬಾಕಿಯನ್ನು ಮನ್ನಾ ಮಾಡಿತು. ಮನ್ನಾ ಎಂಬ ಶಬ್ದವು ಅಂದಿನಿಂದ ಚುನಾವಣೆಯ ಶಬ್ದಕೋಶದಲ್ಲಿ ಉಳಿದುಕೊಂಡಿದೆ. ಒಂದು ಕಾಲಕ್ಕೆ ಪ್ರತಿಭಟನೆಯ ಮಾತಾಗಿದ್ದ ಬಾಕಿಯನ್ನು ಪಕ್ಷಗಳು ಹೀಗೆ ತಮ್ಮ ಭಾಷೆಯನ್ನಾಗಿ ಮಾಡಿಕೊಂಡವು.

ನರಗುಂದ, ನವಲಗುಂದಗಳಲ್ಲಿ ಪ್ರತಿವರ್ಷ ಜುಲೈ 21ನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ರೇಣುಕಾಸಾಗರವು ತುಂಬುವ ವರ್ಷಗಳು ವಿರಳ. 2015ರ ಜುಲೈನಲ್ಲಿ ಅದೇ ನರಗುಂದದಲ್ಲಿ ರೈತರು ಮತ್ತೆ ಧರಣಿ ಕುಳಿತರು. ಮಹದಾಯಿಯ ಉಪನದಿಗಳಾದ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಅವರ ಬೇಡಿಕೆ. 2016ರ ಜುಲೈನಲ್ಲಿ ನ್ಯಾಯಾಧಿಕರಣವು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಆ ಸೀಮೆಯಲ್ಲೆಲ್ಲ ಬಂದ್ ಆಯಿತು; 2018ರ ಆಗಸ್ಟಿನಲ್ಲಿ ಅಂತಿಮ ತೀರ್ಪು ಬಂದಿತು. 1980ರಲ್ಲಿ ತಂದೆಯವರು ಬಾರದ ನೀರಿಗೆ ಕರ ಕೊಡಲಾರೆವೆಂದು ಕಚೇರಿಯ ಮುಂದೆ ಕುಳಿತಿದ್ದರು. ಈಗ ಮಕ್ಕಳು ನೀರನ್ನೇ ಕೇಳುತ್ತ ಕುಳಿತರು. ಈ ಸಲದ ವಾದವಾದರೋ ತಹಶೀಲದಾರರ ಕಚೇರಿಯಲ್ಲಿ ತೀರುವಂತಹದಾಗಿರಲಿಲ್ಲ. ಗೋವೆ, ದಿಲ್ಲಿಗಳವರೆಗೆ ಹಬ್ಬಿತ್ತು.